ಪದರರೂಪಿ ಅರೆವಾಹಕ ಸ್ಫಟಿಕಗಳಲ್ಲಿ ರಚನಾತ್ಮಕ ಪ್ರಾವಸ್ಥಾ ಪರಿವರ್ತನೆ

ಘನವಸ್ತುವೊಂದು ಕರಗದೆ, ಆವಿಯಾಗದೆ, ತನ್ನ ಪರಮಾಣುಗಳ ಜೋಡಣೆಯನ್ನು ಮಾತ್ರ ಬದಲಿಸಿಕೊಂಡು ಬೇರೆ ಗುಣಗಳನ್ನು ತಳೆಯುವ ಕ್ರಿಯೆಯನ್ನು ರಚನಾತ್ಮಕ ಪ್ರಾವಸ್ಥಾ ಪರಿವರ್ತನೆ ಎನ್ನುತ್ತೇವೆ. ಈ ವಿಷಯವನ್ನು ಕುರಿತು ಸಿ.ಎನ್.ಆರ್. ರಾವ್ ಮತ್ತು ಕೆ.ಜೆ. ರಾವ್ ಅವರು ರಚಿಸಿದ ಗ್ರಂಥ 1978ರಲ್ಲಿಯೇ ಪ್ರಕಟವಾಯಿತು. ಪದರರೂಪಿ ಅರೆವಾಹಕಗಳಲ್ಲಿ ಈ ಪರಿವರ್ತನೆಗೆ ವಿಶೇಷ ಸ್ವರೂಪವಿದೆ. ಇವುಗಳಲ್ಲಿ ಪದರದೊಳಗಿನ ಪರಮಾಣುಗಳನ್ನು ಬಲವಾದ ರಾಸಾಯನಿಕ ಬಂಧಗಳು ಹಿಡಿದಿಟ್ಟಿರುತ್ತವೆ; ಪದರಗಳ ನಡುವೆ ಇರುವುದಾದರೋ ದುರ್ಬಲವಾದ ವಾನ್ ಡರ್ ವಾಲ್ಸ್ ಆಕರ್ಷಣೆ. ವೀಳ್ಯದೆಲೆಯ ಕಟ್ಟಿನಲ್ಲಿ ಎಲೆ ಹರಿಯದೆಯೇ ಒಂದರ ಮೇಲೊಂದು ಜಾರುವಂತೆ, ಇಲ್ಲಿ ಪದರಗಳು ಅಲ್ಪ ಶಕ್ತಿಯಿಂದಲೇ ಸರಿಯಬಲ್ಲವು.

ಮಾಲಿಬ್ಡಿನಮ್ ಡೈಸಲ್ಫೈಡ್ ಇದರ ಪ್ರಸಿದ್ಧ ನಿದರ್ಶನ. ಅದರ ಸ್ಥಿರ ರೂಪದಲ್ಲಿ ಆರು ಗಂಧಕ ಪರಮಾಣುಗಳು ಲೋಹದ ಪರಮಾಣುವನ್ನು ತ್ರಿಕೋನ ಪಟ್ಟಕದ ಮೂಲೆಗಳಲ್ಲಿ ಸುತ್ತುವರಿದಿರುತ್ತವೆ. ಆಗ ಅದು ಅರೆವಾಹಕ. ಲಿಥಿಯಮ್ ಪದರಗಳ ನಡುವೆ ನುಸುಳಿ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟರೆ, ಪದರದ ಒಂದು ಬದಿಯ ಗಂಧಕದ ತಲವು ಸರಿದು ಅಷ್ಟಫಲಕ ಜೋಡಣೆ ಏರ್ಪಡುತ್ತದೆ. ವಸ್ತು ಲೋಹದಂತೆ ವರ್ತಿಸುತ್ತದೆ. ಕಾಯಿಸಿದರೆ ಮೊದಲಿನ ರೂಪಕ್ಕೆ ಮರಳುತ್ತದೆ. ಈ ಎರಡನೆಯ ರೂಪದ ಏಕಪದರವು ವಿರೂಪಗೊಂಡು ಫೆರೋವಿದ್ಯುತ್ ಗುಣವನ್ನು ತಳೆಯಬಲ್ಲದೆಂದು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಶರ್ಮಿಳಾ ಶಿರೋಡ್ಕರ್ ಮತ್ತು ಉಮೇಶ್ ವಾಘ್ಮಾರೆ 2014ರಲ್ಲಿ ಸೈದ್ಧಾಂತಿಕವಾಗಿ ತೋರಿಸಿದರು.

ಇಂತಹ ಅಧ್ಯಯನಗಳಿಗೆ ವ್ಯಾವಹಾರಿಕ ಮಹತ್ತ್ವವೂ ಉಂಟು. ಪ್ರಾವಸ್ಥಾ ಪರಿವರ್ತನೆಯನ್ನು ಆಧರಿಸಿದ ಸ್ಮೃತಿಕೋಶಗಳಲ್ಲಿ ಸ್ಫಟಿಕ ಸ್ಥಿತಿ ಮತ್ತು ಅಸ್ಫಟಿಕ ಸ್ಥಿತಿಗಳೇ ಸೊನ್ನೆ ಹಾಗೂ ಒಂದನ್ನು ಸೂಚಿಸುತ್ತವೆ. ಸ್ಫಟಿಕವನ್ನು ಅಸ್ಫಟಿಕವಾಗಿಸಲು ಅದನ್ನು ಕರಗಿಸಿ ಥಟ್ಟನೆ ತಣಿಸಬೇಕು. ಶಕ್ತಿಯ ಬಹುಪಾಲು ವ್ಯಯವಾಗುವುದು ಈ ಕರಗಿಸುವಿಕೆಯಲ್ಲಿಯೇ.

ಕರಗಿಸುವ ಹಂತವನ್ನೇ ಕೈಬಿಡಬಹುದೆಂದು 2024ರ ನವೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿತೇಶ್ ಅಗರ್‌ವಾಲ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪವನ್ ನುಕಲ ಅವರ ತಂಡಗಳು ಇದರಲ್ಲಿ ಪಾಲ್ಗೊಂಡಿದ್ದವು. ಅವರು ಆಯ್ದುಕೊಂಡದ್ದು ಇಂಡಿಯಮ್ ಸೆಲೆನೈಡಿನ ನ್ಯಾನೊತಂತಿಗಳನ್ನು. ಪದರಗಳಿಗೆ ಸಮಾಂತರವಾಗಿ ಏಕಮುಖ ವಿದ್ಯುತ್ ಹರಿದಾಗ, ಧ್ರುವೀಕರಣಕ್ಕೆ ಲಂಬವಾದ ವಿದ್ಯುತ್ ಕ್ಷೇತ್ರ ಹಾಗೂ ಪೀಜೊವಿದ್ಯುತ್ ಒತ್ತಡ ಕೂಡಿಕೊಂಡು ಪದರಗಳನ್ನು ಜಾರಿಸಿದವು. ಧ್ರುವೀಕರಣದ ದಿಕ್ಕೂ ತಿರುಗಿತು. ಅವ್ಯವಸ್ಥೆ ಮಿತಿ ಮೀರಿದೆಡೆ ರಚನೆ ಕುಸಿಯಿತು. ಆ ಕುಸಿತ ಎಬ್ಬಿಸಿದ ಧ್ವನಿಕಂಪನಗಳು, ಭೂಕಂಪದ ಅಲೆಗಳಂತೆ, ದೂರದ ಭಾಗಗಳನ್ನೂ ಅಸ್ಫಟಿಕವಾಗಿಸಿದವು. ಈ ವಿಧಾನದಲ್ಲಿ ಶಕ್ತಿಯ ಅಗತ್ಯ ನೂರು ಕೋಟಿ ಪಟ್ಟಿನವರೆಗೆ ತಗ್ಗಬಲ್ಲದೆಂದು ಸಂಶೋಧಕರು ತಿಳಿಸಿದ್ದಾರೆ.

ಸ್ಫಟಿಕದ ಕ್ರಮವನ್ನು ಕೆಡಿಸುವುದು ಸ್ಮೃತಿಕೋಶದ ಕಾರ್ಯದಲ್ಲಿ ಅರ್ಧಭಾಗ ಮಾತ್ರ. ಕೆಟ್ಟ ಕ್ರಮ ಶೀಘ್ರವಾಗಿ ಮರಳಬೇಕು. ಅಸಂಖ್ಯ ಬಾರಿ, ಸವೆಯದೆ ಮರಳಬೇಕು. ಆದರೂ ಶಾಖದ ಬಲದಿಂದ ಮಾತ್ರ ಆಗುವುದೆಂದು ಬಗೆದಿದ್ದ ಪರಿವರ್ತನೆಯನ್ನು ಪದರಗಳ ಜಾರುವಿಕೆಯಿಂದಲೇ ಸಾಧಿಸಬಹುದೆಂಬ ಅರಿವು, ದುರ್ಬಲ ಬಂಧವೆಂದರೆ ಕೊರತೆಯೇ ಎಂಬ ಭಾವನೆಯನ್ನು ತಿದ್ದುವಂತಹುದಾಗಿದೆ.