ಜೀಪ್ ಎತ್ತರಿಸಿದ ಮೇಲೆ ಸ್ಟೇರಿಂಗ್ ಓರೆಯಾಯ್ತಾ?

ಮಲೆನಾಡಿನ ತೋಟದ ದಾರೀಲಿ ಕಲ್ಲು ತಳಕ್ಕೆ ಬಡಿಯುತ್ತೆ ಅಂತ ಹಳೇ ಜೀಪು, ಜಿಪ್ಸಿಗಳ ಲೀಫ್ ಸ್ಪ್ರಿಂಗ್‌ಗೆ ಉದ್ದದ ಶ್ಯಾಕಲ್ ಹಾಕಿಸೋರು ಬಹಳ. (ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏಳೋದು ಸುಮಾರು 1 ಇಂಚು ಮಾತ್ರ.) ತೋಟದೊಳಗೆ ಏನೂ ಗೊತ್ತಾಗಲ್ಲ. ಗೊಬ್ಬರ ತರೋಕೆ ಟಾರ್ ರಸ್ತೆಗೆ ಇಳಿದಾಗ ಸ್ಟೇರಿಂಗ್ ಓರೆ, ವೇಗ ಹೆಚ್ಚಿದರೆ ಗಾಡಿ ಅತ್ತಿತ್ತ ಅಲೆಯುತ್ತೆ.

ಇವೆರಡೂ ಬೇರೆ ಬೇರೆ ತೊಂದರೆ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆ ಹೋಗುವ ರಾಡು, ಅಂದರೆ ಡ್ರ್ಯಾಗ್ ಲಿಂಕ್, ಬಾಡಿ ಮೇಲೆದ್ದಾಗ ಹೆಚ್ಚು ಇಳಿಜಾರಾಗುತ್ತೆ. ಓರೆ ಬರೋದು ಅದರಿಂದ. ಚಕ್ರ ನೇರ ಇಟ್ಟು, ಲಾಕ್ ನಟ್ ಸಡಿಲಿಸಿ ರಾಡಿನ ಉದ್ದ ಹೊಂದಿಸಬೇಕು. ಕೆಲವರು ಸ್ಟೇರಿಂಗ್ ವೀಲನ್ನೇ ಬಿಚ್ಚಿ ನೇರ ಕೂರಿಸಿಕೊಡ್ತಾರೆ. ಒಪ್ಪಬೇಡಿ, ಒಳಗೆ ಬಾಕ್ಸ್ ನಡುವಿನಿಂದ ಸರಿದೇ ಇರುತ್ತೆ.

ಅಲೆದಾಟ ನಿಜಕ್ಕೂ ಅಪಾಯ. ಸೈಕಲ್ಲಿನ ಫೋರ್ಕ್ ಹಿಂದಕ್ಕೆ ವಾಲಿರುತ್ತಲ್ಲ, ಹಾಗೇ ಮುಂದಿನ ಚಕ್ರ ತಿರುಗುವ ಅಕ್ಷಕ್ಕೂ ಒಂದು ವಾಲು ಇದೆ: ಕ್ಯಾಸ್ಟರ್. ತಿರುವಿನ ನಂತರ ಸ್ಟೇರಿಂಗ್ ತಾನೇ ನೇರಕ್ಕೆ ಬರೋದು ಅದರಿಂದ. ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಉದ್ದವಾದರೆ ಆಕ್ಸಲ್ ಹೊರಳಿ ಈ ವಾಲು ಕಮ್ಮಿಯಾಗುತ್ತೆ. ಅಲೈನ್‌ಮೆಂಟ್ ಅಂಗಡೀಲಿ ಬರೀ ಟೋ ನೋಡಿ ‘ಸರಿ ಇದೆ’ ಅಂತ ಕಳಿಸಿದರೆ ಸಾಲದು. ಕ್ಯಾಸ್ಟರ್ ಎಷ್ಟು ಡಿಗ್ರಿ ಅಂತ ಕೇಳಿ.

ಕಮ್ಮಿಯಿದ್ದರೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಬೆಣೆಯಾಕಾರದ ಉಕ್ಕಿನ ಪ್ಲೇಟ್ ಹಾಕಿಸಿ. ಬೆಣೆ ತಿರುಗುಮುರುಗಾದರೆ ಅಲೆದಾಟ ಇನ್ನೂ ಹೆಚ್ಚು, ಹಾಗಾಗಿ ಆಮೇಲೂ ಅಳೆಸಿ. ಟೋ ಕೊನೆಗೆ. ಯು-ಬೋಲ್ಟ್‌ಗಳನ್ನು ನಾಲ್ಕು ದಿನ ಓಡಿಸಿದ ಮೇಲೆ ಮತ್ತೆ ಬಿಗಿ ಮಾಡಿಸಿ.