ಶಸ್ತ್ರಕರ್ಮವೂ ಶುಶ್ರೂಷೆಯೂ: ಕೊಡಗಿನ ಸಂದರ್ಭದಲ್ಲಿ ಒಂದು ವಿವೇಚನೆ

'ಶುಶ್ರೂಷಾ' ಎಂಬ ಶಬ್ದವು 'ಶ್ರು' ಧಾತುವಿನ ಸನ್ನಂತರೂಪದಿಂದ ನಿಷ್ಪನ್ನವಾದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಲಿಚ್ಛಿಸುವವನು ಅವನ ಸೇವೆಯನ್ನೂ ಮಾಡುವನಾದುದರಿಂದ ಸೇವೆಯೆಂಬ ಅರ್ಥವು ಅದಕ್ಕೆ ಕೂಡಿಕೊಂಡಿತು. ಕನ್ನಡದಲ್ಲಿ ರೋಗಿಯ ಆರೈಕೆಗೆ ಆ ಶಬ್ದವೇ ನಿಂತಿತು. ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕನ್ನು ಚಿಕಿತ್ಸೆಯ ಪಾದಗಳೆಂದು ಎಣಿಸಿ, ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸಿದೆ. ಆತನಿಗೆ 'ಉಪಸ್ಥಾತೃ', ಎಂದರೆ ಸಮೀಪದಲ್ಲಿ ನಿಲ್ಲುವವನು, ಎಂಬ ಹೆಸರೂ ಅಲ್ಲಿ ಉಂಟು. ಶಸ್ತ್ರವೈದ್ಯನ ಕೆಲಸವು ಬಹುಮಟ್ಟಿಗೆ ಒಂದೆರಡು ಗಂಟೆಗಳದು. ಅದರ ಹಿಂದುಮುಂದಿನ ದಿನಗಳು ಕೇಳುವವರಿಗೂ ಸಮೀಪದಲ್ಲಿ ನಿಲ್ಲುವವರಿಗೂ ಸೇರಿದುವು.

ಕೊಡಗಿನಲ್ಲಿ ಈ ಮಾತಿಗೆ ವಿಶೇಷವಾದ ತೂಕವುಂಟು. 2011ರ ಜನಗಣತಿಯಂತೆ 5,54,519 ಜನರಿರುವ ಈ ಜಿಲ್ಲೆಯಲ್ಲಿ ರೈಲುಮಾರ್ಗವಿಲ್ಲ. ಮನೆಗಳು ತೋಟಗಳ ನಡುವೆ ಒಂದಕ್ಕೊಂದು ದೂರ ದೂರವಾಗಿವೆ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಗಿದ್ದರೂ ಕಠಿನವಾದ ಕೆಲವು ರೋಗಗಳಿಗೆ ಮೈಸೂರಿಗೋ ಮಂಗಳೂರಿಗೋ ಘಟ್ಟವಿಳಿದು ಹೋಗುವುದು ವಾಡಿಕೆಯಾಗಿಯೇ ಇದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯವು ಶಸ್ತ್ರಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮಗಳೆಂದು ವಿಭಾಗಿಸುತ್ತದೆ. ರೋಗಿಗೆ ಮೊದಲು ಲಘುವಾದ ಊಟವನ್ನಿಕ್ಕಬೇಕೆಂದು ಅಲ್ಲಿ ವಿಧಿ. ಮೂಢಗರ್ಭ, ಉದರ, ಅರ್ಶಸ್ಸು, ಅಶ್ಮರಿ, ಭಗಂದರ, ಮುಖರೋಗಗಳಲ್ಲಿ ಮಾತ್ರ ಉಪವಾಸ. ಇಂದಿನ ವಿಧಿಯು ಇದಕ್ಕೆ ವಿರುದ್ಧವಾಗಿ ಕಾಣುವುದಾದರೂ ಕಾರಣವು ಸ್ಪಷ್ಟವಾಗಿದೆ. ಅಂದು ರೋಗಿಯು ನೋವನ್ನು ಸಹಿಸಿಕೊಳ್ಳಬೇಕಾಗಿದ್ದುದರಿಂದ ಮೂರ್ಛೆ ಹೋಗದಂತೆ ಅವನಿಗೆ ಬಲ ಬೇಕಾಗಿತ್ತು. 1846ರಲ್ಲಿ ಈಥರಿನ ಅರಿವಳಿಕೆಯು ಪ್ರಸಿದ್ಧಿಗೆ ಬಂದ ಮೇಲೆ ಬೇರೊಂದು ಅಪಾಯವು ಹುಟ್ಟಿತು: ಪ್ರಜ್ಞೆಯಿಲ್ಲದವನ ಜಠರದಲ್ಲಿದ್ದುದು ಮೇಲೆ ಬಂದು ಶ್ವಾಸಕೋಶವನ್ನು ಸೇರಬಹುದು. ಅಮೆರಿಕದ ವೈದ್ಯ ಮೆಂಡಲ್‌ಸನ್ 1946ರಲ್ಲಿ ಪ್ರಸವಕಾಲದ ಅರಿವಳಿಕೆಯಲ್ಲಿ ಇದು ಹೇಗೆ ಆಗುವುದೆಂಬುದನ್ನು ವಿವರಿಸಿದನು.

ಆದುದರಿಂದ ಲಘುವಾದ ಆಹಾರಕ್ಕೂ ಹಾಲಿಗೂ ಅರಿವಳಿಕೆಗೂ ನಡುವೆ ಆರು ಗಂಟೆ, ಜಿಡ್ಡಿನ ಊಟಕ್ಕೂ ಮಾಂಸಕ್ಕೂ ಎಂಟು ಗಂಟೆ ಅಥವಾ ಇನ್ನೂ ಹೆಚ್ಚು, ತಿಳಿಯಾದ ಪಾನೀಯಕ್ಕೆ ಎರಡು ಗಂಟೆ ಅಂತರವಿರಬೇಕೆಂಬುದು ಸಾಮಾನ್ಯ ನಿಯಮ. ಕೊಡಗಿನ ಮನೆಗಳಲ್ಲಿ ಈ ಭೇದವನ್ನು ಬಿಡಿಸಿ ಹೇಳುವುದು ಅಗತ್ಯ. ಹಾಲಿಲ್ಲದ ಬೆಲ್ಲದ ಕಾಫಿಯು ತಿಳಿಯಾದ ಪಾನೀಯ. ಅದಕ್ಕೆ ಹಾಲು ಬೆರೆತೊಡನೆ ಅದು ಆಹಾರದ ಗುಂಪಿಗೆ ಸೇರುತ್ತದೆ. ಗಂಜಿಯು ಎಷ್ಟು ನೀರಾಗಿದ್ದರೂ ಆಹಾರವೇ. "ಏನಾದರೂ ತಿಂದಿರಾ?" ಎಂದು ಕೇಳಿದರೆ ಕಾಫಿ ಕುಡಿದವರು ಇಲ್ಲವೆಂದೇ ಹೇಳುವರು, ಅದು ಸುಳ್ಳೂ ಅಲ್ಲ. ಏನು ಕುಡಿದಿರಿ, ಎಷ್ಟು ಹೊತ್ತಿಗೆ, ಹಾಲಿತ್ತೇ ಎಂದು ಬೇರೆಬೇರೆಯಾಗಿ ಕೇಳತಕ್ಕದ್ದು. ಅತಿಯಾದ ಉಪವಾಸವೂ ಒಳ್ಳೆಯದಲ್ಲ. ಮಧ್ಯಾಹ್ನದ ಶಸ್ತ್ರಕ್ರಿಯೆಗೆ ಹಿಂದಿನ ರಾತ್ರಿಯಿಂದಲೇ ಮುದುಕರನ್ನು ನೀರಿಲ್ಲದೆ ಮಲಗಿಸುವ ರೂಢಿಗೆ ಶಾಸ್ತ್ರದ ಆಧಾರವಿಲ್ಲ.

ಕೇಳುವುದಕ್ಕೆ ಭಾಷೆಯೂ ಬೇಕು. ಕೊಡವ, ಅರೆಭಾಷೆ, ತುಳು, ಮಲೆಯಾಳ, ಯರವ ಮಾತುಗಳು ಒಂದೇ ವಾರ್ಡಿನಲ್ಲಿ ಕೇಳಿಬರುವ ನಾಡಿದು. ಒಪ್ಪಿಗೆಯ ಪತ್ರಕ್ಕೆ ಹೆಬ್ಬೆಟ್ಟನ್ನೊತ್ತಿದ ಮಾತ್ರಕ್ಕೆ ರೋಗಿಗೆ ವಿಷಯವು ತಿಳಿಯಿತೆನ್ನಲಾಗದು. ಅವನು ತನ್ನ ಮಾತಿನಲ್ಲಿ ತಿರುಗಿ ಹೇಳಿದರೆ ತಿಳಿಯಿತೆಂದು ಅರ್ಥ. ರಕ್ತವನ್ನು ತೆಳುಮಾಡುವ ಮಾತ್ರೆಗಳನ್ನೂ ಮನೆಮದ್ದುಗಳನ್ನೂ ವಿಚಾರಿಸಬೇಕು. ಕಕ್ಕಡ ಮಾಸದ ಹದಿನೆಂಟರಂದು, ಎಂದರೆ ಆಗಸ್ಟ್ 3ರ ಸುಮಾರಿಗೆ, ಕೊಡಗಿನವರು ತಿನ್ನುವ ಮದ್ದುಸೊಪ್ಪಿನಿಂದ ಮೂತ್ರವು ಕೆಂಪಾಗುತ್ತದೆ. ಇದನ್ನರಿಯದ ಪರವೂರ ದಾದಿಯು ರಕ್ತಸ್ರಾವವೆಂದು ಗಾಬರಿಗೊಳ್ಳಬಹುದು. ಅರಿತವಳು ನಿಜವಾದ ರಕ್ತವನ್ನು ಸೊಪ್ಪೆಂದು ತಳ್ಳಿಹಾಕಲೂಬಹುದು. ಎರಡನೆಯ ತಪ್ಪೇ ಹೆಚ್ಚು ಕೆಟ್ಟದ್ದು. ಕೇಳಿ ತಿಳಿದ ಮೇಲೂ ಮೂತ್ರಪರೀಕ್ಷೆ ಮಾಡಿಸತಕ್ಕದ್ದು. ಇನ್ನು ಪತ್ತಾಕನ್ನೋ ತಾಳಿಯನ್ನೋ ತೆಗೆಯಿರೆಂದಾಗ ಹೆಂಗಸರು ಅಳುಕುವುದು ಸಹಜ. ವಿದ್ಯುತ್ತಿನಿಂದ ರಕ್ತನಾಳಗಳನ್ನು ಸುಡುವ ಉಪಕರಣವಿರುವೆಡೆ ಲೋಹವು ಚರ್ಮವನ್ನು ಸುಡಬಹುದೆಂಬ ಕಾರಣವನ್ನು ಹೇಳಿ, ಒಡವೆಯನ್ನು ಮನೆಯವರ ಕೈಗೇ ಒಪ್ಪಿಸಿದರೆ ಅಳುಕು ಕಡಿಮೆಯಾಗುವುದು.

ಶಸ್ತ್ರಕ್ರಿಯಾಗೃಹದ ಒಳಗೆ ಒಬ್ಬ ದಾದಿಯು ಶುದ್ಧಹಸ್ತಳಾಗಿ ಉಪಕರಣಗಳನ್ನು ಒದಗಿಸುವಳು. ಇನ್ನೊಬ್ಬಳು ಹೊರಗಿನಿಂದ ಬೇಕಾದುದನ್ನು ತಂದುಕೊಡುವಳು. ಬಟ್ಟೆಯ ತುಂಡುಗಳನ್ನೂ ಸೂಜಿಗಳನ್ನೂ ಇಬ್ಬರೂ ಕೂಡಿ ಗಟ್ಟಿಯಾಗಿ ಎಣಿಸುವರು. ಮೊದಲೊಮ್ಮೆ, ಹೊಲಿಗೆಗೆ ಮುಂಚೆ ಮತ್ತೊಮ್ಮೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಪರಿಶೀಲನಾಪಟ್ಟಿಯನ್ನು ಹೊರಡಿಸಿತು. ಅರಿವಳಿಕೆಗೆ ಮುಂಚೆ, ಕೊಯ್ಯುವುದಕ್ಕೆ ಮುಂಚೆ, ರೋಗಿಯು ಹೊರಡುವುದಕ್ಕೆ ಮುಂಚೆ ಎಲ್ಲರೂ ಕ್ಷಣಕಾಲ ನಿಂತು ಹೆಸರು, ಅಂಗ, ಎಣಿಕೆಗಳನ್ನು ಬಾಯಿಬಿಟ್ಟು ಹೇಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಮರಣವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಕಿರಿಯ ದಾದಿಯೂ ಹಿರಿಯ ವೈದ್ಯನನ್ನು "ನಿಲ್ಲಿ" ಎನ್ನಬಹುದೆಂಬುದೇ ಈ ಪಟ್ಟಿಯ ಜೀವಾಳ.

ಪಶ್ಚಾತ್ಕರ್ಮದಲ್ಲಿ ಮೊದಲ ಗಂಟೆಗಳು ಅತ್ಯಂತ ಸೂಕ್ಷ್ಮವಾದುವು. ಉಸಿರಿನ ದಾರಿ, ನಾಡಿ, ರಕ್ತದೊತ್ತಡ, ಪ್ರಜ್ಞೆ, ಕಟ್ಟಿನ ಮೇಲಿನ ರಕ್ತ, ನೋವು ಇವುಗಳನ್ನು ಹದಿನೈದು ನಿಮಿಷಕ್ಕೊಮ್ಮೆ ನೋಡಿ ಬರೆದಿಡಬೇಕು. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ರೋಗಿಯನ್ನು ಬೆಚ್ಚಗಿಡುವುದೂ ಚಿಕಿತ್ಸೆಯೇ. ಮೈ ತಣ್ಣಗಾದರೆ ರಕ್ತವು ಬೇಗ ಹೆಪ್ಪುಗಟ್ಟದು, ವ್ರಣವು ಕೆಡುವುದೂ ಹೆಚ್ಚು. ಸುಶ್ರುತನು ಹತ್ತೊಂಬತ್ತನೆಯ ಅಧ್ಯಾಯದಲ್ಲಿ ವ್ರಣಿತನಿಗೆ ಶುಚಿಯಾದ, ಗಾಳಿಯು ನೇರವಾಗಿ ಬೀಸದ ಮನೆಯನ್ನೂ, ಇಷ್ಟವಾದ ಕಥೆಗಳನ್ನು ಹೇಳುವ ಮಿತ್ರರನ್ನೂ, ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನೂ ಹೇಳಿದ್ದಾನೆ. ಶುಚಿತ್ವಕ್ಕೂ ಸಮಾಧಾನಕ್ಕೂ ಇರುವ ಬೆಲೆ ಇಂದಿಗೂ ತಗ್ಗಿಲ್ಲ. ಹೊಗೆಯ ಕೆಲಸವನ್ನು ತೊಳೆದ ಕೈ ಮಾಡುತ್ತದೆ. ಆದರೆ ಶಕ್ತನಾದರೂ ವ್ರಣಿತನು ನಡೆದಾಡಬಾರದೆಂಬ ಅವನ ನಿಯಮವನ್ನು ಈಗ ಹಾಗೆಯೇ ಪಾಲಿಸಲಾಗದು. ಬಹಳ ಕಾಲ ಮಲಗಿದವನ ಕಾಲಿನ ಸಿರೆಯಲ್ಲಿ ರಕ್ತವು ಹೆಪ್ಪುಗಟ್ಟಿ, ಆ ಗಡ್ಡೆಯು ಶ್ವಾಸಕೋಶಕ್ಕೆ ಹೋಗಿ ಪ್ರಾಣವನ್ನು ತೆಗೆಯಬಹುದು. ಆದುದರಿಂದ ವೈದ್ಯರ ಅನುಮತಿಯಿರುವೆಡೆ ಮರುದಿನವೇ ಕೈಹಿಡಿದು ನಡೆಸುವರು. ವಾಹನದಲ್ಲಿ ಹೋಗಬಾರದೆಂದೂ ಅವನು ಅದೇ ಅಧ್ಯಾಯದಲ್ಲಿ ಹೇಳಿರುವುದನ್ನು ಘಟ್ಟದ ತಿರುವುಗಳಲ್ಲಿ ಹೊಲಿಗೆಯೊಡನೆ ಪ್ರಯಾಣ ಮಾಡಿದವರು ಮೆಚ್ಚಿಕೊಳ್ಳುವರು.

ಮನೆಗೆ ಹೋದ ಮೇಲೆ ಉಪಸ್ಥಾತೃಗಳು ಬಂಧುಗಳೇ. ತೋಟದ ಲೈನ್ ಮನೆಯಲ್ಲಿ ನೆಲವು ತೇವ, ಬಟ್ಟೆಯು ಒಣಗದು. ಕಟ್ಟು ಒದ್ದೆಯಾದರೆ ಅದನ್ನು ಹಾಗೆಯೇ ಬಿಡದೆ ಬದಲಾಯಿಸಬೇಕು. ಅಂಡವಾಯುವಿನ ಶಸ್ತ್ರಕ್ರಿಯೆಯಾದ ಕೂಲಿಕಾರನು ಕಾಫಿಯ ಕುಯ್ಲು ಬಂದಿತೆಂದು ಕೆಲವೇ ದಿನಗಳಲ್ಲಿ ಮೂಟೆ ಹೊತ್ತರೆ ಮಾಡಿದ ಕೆಲಸವೆಲ್ಲ ಹಾಳಾಗಬಹುದು. ಎಷ್ಟು ವಾರ ಭಾರವೆತ್ತಬಾರದೆಂಬುದನ್ನು ಅವನಿಗಲ್ಲದೆ ತೋಟದ ಮೇಸ್ತ್ರಿಗೂ ತಿಳಿಸುವುದು ಮೇಲು. ಜ್ವರ, ಗಾಯದ ಸುತ್ತ ಕೆಂಪು, ಕೀವು, ಮೀನಖಂಡದಲ್ಲಿ ಬಾವು, ಏದುಸಿರು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಬರಬೇಕು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಡಿಕೇರಿಯಿಂದ ಸಂಪಾಜೆಗೆ ಹೋಗುವ ದಾರಿಯು ಮುಚ್ಚಿತ್ತು. ಅಂತಹ ದಿನಗಳಲ್ಲಿ ಬರಬೇಕೆಂದು ಹೇಳಿದರೂ ಬರುವಂತಿರಲಿಲ್ಲ. ಮಳೆಗಾಲದಲ್ಲಿ ಬಿಡುಗಡೆಯ ದಿನವನ್ನು ಗೊತ್ತುಮಾಡುವಾಗ ಗಾಯದ ಸ್ಥಿತಿಯೊಡನೆ ಮನೆಯ ದಾರಿಯ ಸ್ಥಿತಿಯನ್ನೂ ಕೇಳಿಕೊಳ್ಳತಕ್ಕದ್ದು.