ತಿಕೋಟಾ ದಾರಿಯ ತಂಬೂರಿ

ರೋಡ್ ಟ್ರಿಪ್ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಲಡಾಖ್, ಇಲ್ಲವೇ ಗೋವಾ. ಅಮೆರಿಕದಲ್ಲಿ ಕೆಲವರು, ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಬಂದ ಮುತ್ತಜ್ಜ ಎಲ್ಲಿ ನೆಲೆಸಿದ, ಯಾವ ಪಿಟೀಲಿನ ಮಟ್ಟು ತಂದ ಎಂದು ಹುಡುಕಿಕೊಂಡೇ ಕಾರು ಓಡಿಸುತ್ತಾರಂತೆ. ನಾನು ಮತ್ತು ನನ್ನ ಗೆಳೆಯ ಮಾರ್ಚ್‌ನ ಒಂದು ಭಾನುವಾರ ವಿಜಯಪುರ ಬಿಟ್ಟದ್ದು ಹಳೆಯ ಸ್ಪ್ಲೆಂಡರ್ ಮೇಲೆ. ತಿಕೋಟಾ, ಅಲ್ಲಿಂದ ಬಬಲೇಶ್ವರ, ಸಂಜೆಗೆ ಮನೆ. ಕೆಲಸ ಒಂದೇ: ಬಬಲೇಶ್ವರ ತಾಲ್ಲೂಕಿನ ಹಳ್ಳಿಯಲ್ಲಿರುವ ಅವನ ಅಜ್ಜ ಹಾಡುವ ರಿವಾಯತ್ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು. ಅಜ್ಜನಿಗೆ ಎಂಬತ್ತು ದಾಟಿದೆ. ಮೊಮ್ಮಗ ಮುಂದಿನ ವಾರ ಪುಣೆಗೆ ಕೆಲಸಕ್ಕೆ ಹೊರಟಿದ್ದ.

ಊರು ದಾಟುವ ಮೊದಲೇ ಗಾಡಿ ಎರಡು ಕಡೆ ನಿಂತಿತು. ಮೊದಲನೆಯದು ಮಲಿಕ್-ಎ-ಮೈದಾನ್ ತೋಪು. ಅದರ ಬಾಯೊಳಗೆ ತಲೆ ಹಾಕಿ ಸೆಲ್ಫಿ ತೆಗೆದವರು ಬಹಳ ಜನ. ಅದನ್ನು ಎರಕ ಹೊಯ್ದವನ ಹೆಸರಿನ ಕೊನೆಗೆ ‘ರೂಮಿ’ ಎಂದಿದೆ, ಅಂದರೆ ತುರ್ಕರ ಸೀಮೆಯವನು ಎಂದು ಗಮನಿಸಿದವರು ಕಡಿಮೆ. 1549ರಲ್ಲಿ ಅಹ್ಮದನಗರದಲ್ಲಿ ತಯಾರಾದ ಈ 55 ಟನ್ ತೂಕದ ತೋಪೂ ಒಂದರ್ಥದಲ್ಲಿ ವಲಸೆ ಬಂದದ್ದೇ. ಇನ್ನೊಂದು ಇಬ್ರಾಹಿಂ ರೋಜಾ. ಗೋಳಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಹೋಗುವ ಪ್ರವಾಸಿಗರು ಇಲ್ಲಿಗೂ ಬರುತ್ತಾರೆ, ಆದರೆ ಇಲ್ಲಿ ಮಲಗಿರುವವನು ಹಾಡುಗಾರ ಎಂದು ಅವರಿಗೆ ಹೇಳುವವರು ಯಾರು?

ಎರಡನೆಯ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದ. ದಖನಿಯಲ್ಲಿ ಹಾಡು ಬರೆದು, ಒಂದೊಂದಕ್ಕೂ ರಾಗ ಸೂಚಿಸಿ ‘ಕಿತಾಬ್-ಎ-ನವರಸ್’ ಮಾಡಿದ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಪೈಗಂಬರರ ಸ್ತುತಿ ಇದೆ, ಕಲಬುರಗಿಯ ಬಂದೇ ನವಾಜರಿಗೆ ನಮಸ್ಕಾರವೂ ಇದೆ. ತನ್ನ ತಂಬೂರಿಗೆ ‘ಮೋತಿ ಖಾನ್’ ಎಂದು ಹೆಸರಿಟ್ಟಿದ್ದ. ಬೈಕಿಗೆ ಹೆಸರಿಡುವ ನಮ್ಮ ಹುಡುಗರು ಇದನ್ನು ಮೆಚ್ಚಬೇಕು! ಆ ಪುಸ್ತಕಕ್ಕೆ ಮುನ್ನುಡಿ ಬರೆದ ಕವಿ ಜುಹೂರಿ ಇರಾನಿನವನು. ಇಬ್ರಾಹಿಮ ತಂಬೂರಿ ನುಡಿಸುತ್ತ ಕೂತ ಚಿತ್ರ ಬರೆದ ಫರ್ರುಖ್ ಬೇಗ್ ಕೂಡ ಇರಾನಿನವನು. ಚಿತ್ರ ಮಾತ್ರ ಈಗ ಯುರೋಪಿನ ಪ್ರಾಗ್ ನಗರದ ಮ್ಯೂಸಿಯಂನಲ್ಲಿದೆ. ಇಬ್ರಾಹಿಮನ ಮಗ ಮುಹಮ್ಮದನ ಕಾಲಕ್ಕೆ ಆಡಳಿತವನ್ನೇ ಕೈಯಲ್ಲಿ ಹಿಡಿದಿದ್ದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದ ಹಬ್ಶಿ.

‘ಹಂಗಾರ ನಮ್ಮೂರಾಗ ನಮ್ಮೂರವರು ಯಾರಲೇ?’ ಅಂದ ಗೆಳೆಯ. ಪುಣೆಯಲ್ಲಿ ರೂಮು ಹುಡುಕುವಾಗ ಮನೆ ಮಾಲೀಕರೊಬ್ಬರು ‘ಹೊರಗಿನವರಿಗೆ ಕೊಡೂದಿಲ್ಲ’ ಅಂದಿದ್ದರಂತೆ. ಆ ಮಾತು ಅವನ ಹೊಟ್ಟೆಯಲ್ಲಿ ಇನ್ನೂ ಕುದಿಯುತ್ತಿತ್ತು.

ತಿಕೋಟಾ ರಸ್ತೆ ಹಿಡಿದರೆ ಸ್ವಲ್ಪ ದೂರಕ್ಕೇ ತೊರವಿ. ಕನ್ನಡದ ‘ತೊರವೆ ರಾಮಾಯಣ’ದ ಊರು, ನರಸಿಂಹನ ಗುಡಿಯ ಊರು. ಅದರ ಮಗ್ಗುಲಿಗೇ ಇಬ್ರಾಹಿಂ 1599ರಲ್ಲಿ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಿಸತೊಡಗಿದ. ಒಂದು ಪಟ್ಟಣಕ್ಕೆ ರಸಗಳ ಹೆಸರಿಟ್ಟ ದೊರೆಯ ಮೇಲೆ ನನಗಂತೂ ಪ್ರೀತಿ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಅಂಬರನೂ ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹ್ಮದನಗರದ ಕಾರುಬಾರು ನಡೆಸಿದವನು. ಕಟ್ಟಲೂ ಬಂದವರೇ, ಕೆಡವಲೂ ಬಂದವರೇ. ಈಗ ಉಳಿದಿರುವುದರಲ್ಲಿ ಕಣ್ಣಿಗೆ ಬೀಳುವುದು ಸಂಗೀತ ಮಹಲ್. ಚಾವಣಿ ಇಲ್ಲ. ನಡುವಿನ ಎತ್ತರದ ಕಮಾನು ಬಿಸಿಲಲ್ಲಿ ಹಾಗೇ ನಿಂತಿದೆ. ಗೆಳೆಯ ಕಮಾನಿನ ಕೆಳಗೆ ನಿಂತು ಸಣ್ಣಗೆ ಒಂದು ಆಲಾಪ ತೆಗೆದ. ಧ್ವನಿ ಎಲ್ಲಿಗೂ ತಾಗದೆ ಮೇಲೆ ಹೋಯಿತು. ಕುರಿ ಕಾಯುತ್ತಿದ್ದ ಹುಡುಗ ಮಾತ್ರ ತಿರುಗಿ ನೋಡಿದ.

ತಿಕೋಟಾ ಬಂದಾಗ ಬಿಸಿಲು ನೆತ್ತಿಗೇರಿತ್ತು. ದ್ರಾಕ್ಷಿ ಕಟಾವಿನ ದಿನಗಳು. ರಸ್ತೆಯ ಎರಡೂ ಕಡೆ ಒಣದ್ರಾಕ್ಷಿಯ ಶೆಡ್‌ಗಳು. ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವಿ ನೆರಳಲ್ಲೇ ಒಣಗಿಸುತ್ತಾರೆ. ಚಹಾದಂಗಡಿಯಲ್ಲಿ ಸಿಕ್ಕ ರೈತರೊಬ್ಬರು ‘ನಮ್ದು ಥಾಮ್ಸನ್ ರೀ’ ಅಂದರು. ಥಾಮ್ಸನ್ ಎಂಬುದು ಕ್ಯಾಲಿಫೋರ್ನಿಯಾದ ಒಬ್ಬ ಬೆಳೆಗಾರನ ಹೆಸರು. ಅದಕ್ಕೂ ಹಿಂದೆ ಆ ತಳಿಯ ಹೆಸರು ‘ಸುಲ್ತಾನಾ’. ತುರ್ಕರ ಸೀಮೆಯ ದ್ರಾಕ್ಷಿ. ಆದಿಲ್ ಶಾಹಿ ಮೂಲಪುರುಷ ಯೂಸುಫನೂ ಆ ಕಡೆಯಿಂದಲೇ ಬಂದನೆಂಬ ಕಥೆ ಇದೆ. ಸುಲ್ತಾನ ನೇರವಾಗಿ ಬಂದ, ಸುಲ್ತಾನಾ ಅಮೆರಿಕ ಸುತ್ತಿಕೊಂಡು ಬಂತು. ರೈತರಿಗೆ ಇದನ್ನು ಹೇಳಿದೆ. ‘ಎಲ್ಲಿಂದರ ಬರ್ಲಿ, ರೇಟ್ ಬಂದ್ರ ಸಾಕು’ ಎಂದು ನಕ್ಕರು.

ಇದೇ ರಸ್ತೆ ಅಥಣಿ ದಾಟಿ ಮಿರಜಿಗೆ ಹೋಗುತ್ತದೆ. ತಂಬೂರಿ, ಸಿತಾರ್ ಮಾಡುವವರ ಊರು ಅದು. ಉತ್ತರದ ಕೈರಾನಾದಿಂದ ಬಂದ ಅಬ್ದುಲ್ ಕರೀಂ ಖಾನರು ಅಲ್ಲೇ ನೆಲೆಸಿದರು, ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಬಂದವರಂತೆ ಹೋದವರೂ ಇದ್ದಾರೆ: ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಬೀಳಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ, 1943ರ ‘ಕಿಸ್ಮತ್’ ಸಿನಿಮಾಕ್ಕೆ ಹಾಡಿದ ಅಮೀರ್‌ಬಾಯಿ ಕರ್ನಾಟಕಿ. ಹೆಸರಿನಲ್ಲೇ ನಾಡನ್ನು ಹೊತ್ತುಕೊಂಡು ಹೋದರು. ದುಡಿದದ್ದರಲ್ಲಿ ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. ಪುಣೆಗೆ ಹೊರಟವನಿಗೆ ಇದನ್ನು ಎರಡು ಸಲ ಹೇಳಿದೆ.

ನಾವು ಮಿರಜ್ ಕಡೆ ಹೋಗದೆ ಬಬಲೇಶ್ವರಕ್ಕೆ ತಿರುಗಿದೆವು. ಆ ತಾಲ್ಲೂಕಿನ ಕಾಖಂಡಕಿ ಎಂದರೆ ಕಾರಹುಣ್ಣಿಮೆಯ ಕರಿ ಹರಿಯುವ ಎತ್ತುಗಳಷ್ಟೇ ಎಂದುಕೊಂಡವರು ಒಮ್ಮೆ ಮಹಿಪತಿದಾಸರ ಹೆಸರು ಕೇಳಬೇಕು. 17ನೇ ಶತಮಾನದ ಈ ಹರಿದಾಸರು ಮೊದಲು ಆದಿಲ್ ಶಾಹಿ ದರ್ಬಾರಿನ ಅಧಿಕಾರಿ. ಅದನ್ನು ಬಿಟ್ಟು ಬಂದವರನ್ನು ಸಾರವಾಡದ ಭಾಸ್ಕರಸ್ವಾಮಿಗಳ ಬಳಿಗೆ ಕಳಿಸಿದ್ದು ಒಬ್ಬ ಸೂಫಿ ಅವಧೂತರು ಎಂಬುದು ಐತಿಹ್ಯ. ಕನ್ನಡದ ಜೊತೆ ಮರಾಠಿಯಲ್ಲೂ ಹಿಂದೂಸ್ತಾನಿಯಲ್ಲೂ ಪದ ಕಟ್ಟಿದರು.

ಅಜ್ಜ ಪಡಸಾಲೆಯಲ್ಲಿ ಕೂತಿದ್ದರು. ಕೊರಳಲ್ಲಿ ಲಿಂಗ, ತೊಡೆಯ ಮೇಲೆ ರಟ್ಟು ಕಿತ್ತುಹೋದ ನೋಟ್‌ಬುಕ್. ಮೊಹರಂ ಬಂದರೆ ಅಲಾಯಿ ಕುಣಿಯ ಮುಂದೆ ಇವರ ಮೇಳ ನಿಲ್ಲುತ್ತಿತ್ತು. ಇರಾಕಿನ ಕರ್ಬಲಾ, ಅಲ್ಲಿ ನೀರಿಲ್ಲದೆ ಬಾಯಾರಿ ಸತ್ತವರ ಕಥೆ, ಭಾಷೆ ಮಾತ್ರ ನಮ್ಮ ಜವಾರಿ ಕನ್ನಡ. ಬರಗಾಲ ಕಂಡ ಸೀಮೆಗೆ ಆ ಕಥೆ ಬೇಗ ತಾಗಿರಬೇಕು ಅನಿಸಿತು.

‘ಅಜ್ಜಾ, ಇದು ಹೊರಗಿನ ಕಥಿ ಅಲ್ಲೇನು?’ ಮೊಮ್ಮಗ ಬೇಕೆಂದೇ ಕೇಳಿದ.

‘ನೀರಡಿಕಿಗೆ ಒಳಗಿಂದೇನು, ಹೊರಗಿಂದೇನೋ ತಮ್ಮಾ? ಮೊದಲ ಮೊಬೈಲ್ ಚಾಲೂ ಮಾಡು.’

ಇಪ್ಪತ್ತು ನಿಮಿಷ ಹಾಡಿದರು. ಒಂದು ಕಡೆ ಉಸಿರು ಸಿಕ್ಕಲಿಲ್ಲ, ನೀರು ಕುಡಿದು ಅದೇ ನುಡಿಯಿಂದ ಮತ್ತೆ ಹಿಡಿದರು. ಮಗ್ಗಲ ಮನೆಯ ಹುಡುಗರು ಬಾಗಿಲಲ್ಲಿ ಬಂದು ನಿಂತರು. ಒಂದು ಪದದ ನಡುವೆ ಅಜ್ಜ ತಟ್ಟನೆ ನಿಲ್ಲಿಸಿ, ‘ಮುಂದಿನ ನುಡಿ ಹಿಮ್ಮೇಳದವ ಹೇಳಬೇಕು’ ಅಂದರು. ನೋಟ್‌ಬುಕ್ಕಿನಲ್ಲಿ ಆ ಜಾಗ ಖಾಲಿ. ಹಿಮ್ಮೇಳದ ಜೋಡಿ ಮಗನ ಕೂಡ ದುಡಿಯಲು ಗೋವಾಕ್ಕೆ ಹೋಗಿ ಐದು ವರ್ಷವಾಯಿತಂತೆ.

ಬರುವಾಗ ಸಾರವಾಡದ ಹತ್ತಿರ ಡೋಣಿ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಗೆಳೆಯ ಗೋವಾಕ್ಕೆ ಫೋನ್ ಹಚ್ಚಿದ. ಎತ್ತಿದ್ದು ಆ ಹಿರಿಯರ ಮಗ. ಮುದುಕರು ಕೆಲಸದ ಮೇಲಿದ್ದಾರೆ, ರಾತ್ರಿ ಒಂಬತ್ತರ ಮೇಲೆ ಮಾಡ್ರಿ ಅಂದ. ಒಂಬತ್ತೂ ಹತ್ತಕ್ಕೆ ನಮ್ಮ ಮನೆಯ ಮಾಳಿಗೆಯ ಮೇಲೆ, ಸ್ಪೀಕರ್ ಹಾಕಿದ ಫೋನಿನ ಪಕ್ಕ ಇನ್ನೊಂದು ಫೋನಿಟ್ಟು, ಆ ಖಾಲಿ ನುಡಿಯನ್ನು ತುಂಬಿಕೊಂಡೆವು.